ಒಂದೇ ಸ್ವಿಚ್ ಅಂದುಕೊಂಡಿದ್ದೆ: ಡೀಫಾಲ್ಟ್ ಬ್ರೌಸರ್ ಬದಲಿಸಿದ ನನ್ನ ಅನುಭವ

ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದೆ. ಹಳೇ ಬ್ರೌಸರ್ ಎದ್ದು ಕೂತಿತು. ಅಲ್ಲಿ ಆ ಸೈಟ್‌ನ ನನ್ನ ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ. ವಿಳಾಸ ಕಾಪಿ ಮಾಡಿ, ನನ್ನ ಹೊಸ ಬ್ರೌಸರ್ ಫೈರ್‌ಫಾಕ್ಸ್ ತೆರೆದು, ಅಲ್ಲಿ ಪೇಸ್ಟ್ ಮಾಡಿ ಕೆಲಸ ಮುಗಿಸಿದೆ. ಹೀಗೆ ಎಷ್ಟು ತಿಂಗಳು ಮಾಡಿದ್ದೆನೋ ಲೆಕ್ಕ ಇಟ್ಟಿಲ್ಲ. ಒಂದು ಭಾನುವಾರ ಇದಕ್ಕೊಂದು ಗತಿ ಕಾಣಿಸೋಣ ಅಂತ ಕೂತೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದು, ಪೂರ್ತಿ ಮುಗಿಯಲು ಹೆಚ್ಚುಕಡಿಮೆ ಎರಡು ವಾರ ಹಿಡಿಯಿತು.

ನಾನು ಫೈರ್‌ಫಾಕ್ಸ್ ಆರಿಸಿದ್ದಕ್ಕೆ ದೊಡ್ಡ ಸಿದ್ಧಾಂತವೇನೂ ಇಲ್ಲ. ಕಂಪ್ಯೂಟರ್‌ನಲ್ಲಿ ಒಂದು, ಫೋನಿನಲ್ಲಿ ಇನ್ನೊಂದು ಬಳಸಿ ಬೇಸರವಾಗಿತ್ತು. ಆಂಡ್ರಾಯ್ಡ್ ಫೋನಿನಲ್ಲೂ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಸೌಲಭ್ಯ) ಹಾಕಿಕೊಳ್ಳಬಹುದು ಅನ್ನೋದು ಹಿಡಿಸಿತು. ನಿಮ್ಮ ಆಯ್ಕೆ ಕ್ರೋಮ್, ಬ್ರೇವ್, ವಿವಾಲ್ಡಿ ಯಾವುದೇ ಆಗಿರಲಿ, ದಾರಿ ಇದೇ.

ಮೊದಲು ಸಾಮಾನು ಸಾಗಿಸೋ ಕೆಲಸ. ಇದನ್ನು ಬಿಟ್ಟು ನೇರ ಡೀಫಾಲ್ಟ್, ಅಂದರೆ ಲಿಂಕ್ ಒತ್ತಿದಾಗ ತಾನಾಗಿ ತೆರೆಯುವ ಬ್ರೌಸರ್ ಬದಲಿಸಿದರೆ ಮರುದಿನವೇ ಹಳೆಯದಕ್ಕೆ ವಾಪಸ್ ಓಡುತ್ತೀರಿ. ಬುಕ್‌ಮಾರ್ಕ್‌ಗಳು ಇಂಪೋರ್ಟ್ ಅಂತ ಒತ್ತಿದ ಕೂಡಲೇ ಬಂದವು. ಪಾಸ್‌ವರ್ಡ್‌ಗಳಿಗೆ ಸುತ್ತುದಾರಿ: ಹಳೇ ಬ್ರೌಸರಿನ ಪಾಸ್‌ವರ್ಡ್ ಪುಟದಲ್ಲಿ ಎಕ್ಸ್‌ಪೋರ್ಟ್ ಒತ್ತಿ ಸಿಎಸ್‌ವಿ ಫೈಲ್ ಪಡೆದು, ಹೊಸದರಲ್ಲಿ ಅದನ್ನು ತೋರಿಸಬೇಕು.

ಆ ಫೈಲ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಕುತೂಹಲಕ್ಕೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಸಾಲಿಗೊಂದು ಸೈಟ್. ಅಲ್ಪವಿರಾಮ, ಯೂಸರ್‌ನೇಮ್, ಅಲ್ಪವಿರಾಮ, ಪಾಸ್‌ವರ್ಡ್. ಚುಕ್ಕಿಗಳ ಹಿಂದೆ ಅಡಗಿಸಿದ್ದೂ ಇಲ್ಲ, ಬೀಗ ಹಾಕಿದ್ದೂ ಇಲ್ಲ. ನನ್ನ ಇಡೀ ಆನ್‌ಲೈನ್ ಬದುಕು ದಿನಸಿ ಚೀಟಿಯ ಹಾಗೆ ಬಿದ್ದಿತ್ತು. ಇಂಪೋರ್ಟ್ ಆಯಿತು ಅನ್ನೋ ಖುಷಿಯಲ್ಲಿ ಅದನ್ನು ಅಳಿಸುವುದನ್ನೇ ಮರೆತೆ. ಮೂರು ದಿನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಇತ್ತು. ಸಾಲದ್ದಕ್ಕೆ ಆ ಫೋಲ್ಡರ್ ಕ್ಲೌಡ್‌ಗೆ ತಂತಾನೇ ಸಿಂಕ್ ಆಗುವ ಹಾಗೆ ನಾನೇ ಯಾವಾಗಲೋ ಮಾಡಿಟ್ಟಿದ್ದೆ. ಆಮೇಲೆ ಫೋಲ್ಡರ್‌ನಿಂದ, ರೀಸೈಕಲ್ ಬಿನ್‌ನಿಂದ, ಕ್ಲೌಡ್‌ನಿಂದ, ಕ್ಲೌಡ್‌ನ ಕಸದ ಬುಟ್ಟಿಯಿಂದ, ಹೀಗೆ ನಾಲ್ಕು ಕಡೆ ಅಳಿಸಿದೆ. ಮುಖ್ಯವಾದ ಕೆಲವು ಪಾಸ್‌ವರ್ಡ್‌ಗಳನ್ನು ಬದಲಿಸಿಯೂ ಬಿಟ್ಟೆ. ನೀವು ಮಾಡುವುದಾದರೆ ಇಂಪೋರ್ಟ್ ಆದ ಮರುಕ್ಷಣವೇ ಅಳಿಸಿ, ಎದ್ದು ನೀರು ಕುಡಿಯಲು ಕೂಡ ಹೋಗಬೇಡಿ. ಇನ್ನೊಂದು, ಪಾಸ್‌ಕೀಗಳು (ಪಾಸ್‌ವರ್ಡ್ ಬದಲು ಬೆರಳಚ್ಚು, ಪಿನ್‌ನಿಂದ ಲಾಗಿನ್ ಆಗುವ ಡಿಜಿಟಲ್ ಕೀಲಿಗಳು) ಈ ಫೈಲ್‌ನಲ್ಲಿ ಬರುವುದಿಲ್ಲ. ಅವು ಎಲ್ಲಿ ಉಳಿದಿವೆ ಅಂತ ನೋಡಿಕೊಂಡೇ ಹಳೆಯದನ್ನು ತೆಗೆಯಬೇಕು.

ಲಾಗಿನ್‌ಗಳೂ ಜೊತೆಗೆ ಬರುವುದಿಲ್ಲ. ನೀವು ಲಾಗಿನ್ ಆಗಿದ್ದೀರಿ ಅಂತ ಸೈಟ್ ನೆನಪಿಡಲು ಬಳಸುವ ಕುಕಿಗಳು ಆಯಾ ಬ್ರೌಸರಿನ ಒಳಗೇ ಇರುತ್ತವೆ. ಹಾಗಾಗಿ ಮೊದಲ ವಾರ, ಹಳೆಯದರಲ್ಲಿ ಲಾಗಿನ್ ಆಗಿದ್ದ ಪ್ರತಿ ಸೈಟೂ ನನ್ನನ್ನು ಅಪರಿಚಿತನ ಹಾಗೆ ನೋಡಿತು. ಒಟಿಪಿ ಮೇಲೆ ಒಟಿಪಿ. ಕೆಲಸದ ಒತ್ತಡ ಇರುವ ದಿನ ಇದಕ್ಕೆ ಕೈ ಹಾಕಬೇಡಿ.

ಇನ್ನು ಅಸಲಿ ವಿಷಯ. ಡೀಫಾಲ್ಟ್ ಬ್ರೌಸರ್ ಅಂದರೆ ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಂಡಿರುವ ಒಂದು ಪಟ್ಟಿ, ಅಷ್ಟೇ. ಎಚ್‌ಟಿಟಿಪಿ ಅಂತ ಶುರುವಾಗುವ ವಿಳಾಸ ಬಂದರೆ ಇವರನ್ನು ಕರೆ, ಎಚ್‌ಟಿಟಿಪಿಎಸ್ ಬಂದರೆ ಇವರನ್ನು, ಎಚ್‌ಟಿಎಂಎಲ್ ಫೈಲ್ (ವೆಬ್ ಪುಟದ ಫೈಲ್) ತೆರೆದರೆ ಇವರನ್ನು, ಪಿಡಿಎಫ್ ಆದರೆ ಇವರನ್ನು. ಒಂದೊಂದಕ್ಕೂ ಬೇರೆ ಬೇರೆ ಸಾಲು. ಇದು ಗೊತ್ತಾಗುವವರೆಗೆ ನಾನು ಒಂದೇ ಸ್ವಿಚ್ ಅಂದುಕೊಂಡಿದ್ದೆ.

ವಿಂಡೋಸ್ 11ರಲ್ಲಿ ಈ ಪಟ್ಟಿಯನ್ನು ಕಣ್ಣಾರೆ ನೋಡಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ಸ್, ಅದರೊಳಗೆ ಡೀಫಾಲ್ಟ್ ಆ್ಯಪ್ಸ್, ಅಲ್ಲಿ ನಿಮ್ಮ ಬ್ರೌಸರಿನ ಹೆಸರು ಒತ್ತಿ. ಮೇಲುಗಡೆ ಸೆಟ್ ಡೀಫಾಲ್ಟ್ ಅನ್ನೋ ಬಟನ್ ಇರುತ್ತದೆ, ಕೆಳಗೆ ಉದ್ದದ ಪಟ್ಟಿ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಆ ಬಟನ್ನೇ ಇರಲಿಲ್ಲ. ಪಟ್ಟಿಯ ಒಂದೊಂದು ಸಾಲನ್ನೂ ಒತ್ತಿ ಬದಲಿಸಬೇಕಿತ್ತು. ಜನ ಗೊಣಗಿದರು, 2022ರಲ್ಲಿ ಬಟನ್ ಬಂತು. ಈಗ ಅದನ್ನೊಮ್ಮೆ ಒತ್ತಿದರೆ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಮತ್ತು ಎಚ್‌ಟಿಎಂಎಲ್ ಫೈಲ್‌ಗಳು ಒಟ್ಟಿಗೆ ಬದಲಾಗುತ್ತವೆ.

ನಾನೂ ಒತ್ತಿದೆ. ಮೇಲ್‌ನ ಲಿಂಕ್ ಸರಿಯಾಗಿ ಫೈರ್‌ಫಾಕ್ಸ್‌ನಲ್ಲಿ ತೆರೆಯಿತು. ಗೆದ್ದೆ ಅಂದುಕೊಂಡೆ. ಅರ್ಧ ಗಂಟೆ ಕಳೆದು ಒಂದು ಪಿಡಿಎಫ್ ತೆರೆದರೆ ಮತ್ತೆ ಹಳೇ ಮುಖ! ಪಿಡಿಎಫ್ ಸಾಲು ಹಾಗೇ ಉಳಿದಿತ್ತು. ಅದನ್ನು ಕೈಯಾರೆ ಬದಲಿಸಿದೆ. ಸ್ಟಾರ್ಟ್ ಮೆನುವಿನ ಹುಡುಕು ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದು ಇನ್ನೂ ವಿಂಡೋಸ್ ಜೊತೆಗೇ ಬರುವ ಬ್ರೌಸರ್ ಎಡ್ಜ್‌ನಲ್ಲೇ ತೆರೆಯುತ್ತಿತ್ತು. ಆ ಲಿಂಕ್‌ಗಳು ಎಚ್‌ಟಿಟಿಪಿಎಸ್ ಅಂತ ಶುರುವಾಗುವುದೇ ಇಲ್ಲ, ಎಡ್ಜ್‌ನ ಹೆಸರಿನದೇ ಬೇರೆ ಗುರುತು ಹೊತ್ತು ಬರುತ್ತವೆ. ಹಾಗಾಗಿ ನಮ್ಮ ಪಟ್ಟಿ ಅವಕ್ಕೆ ಲೆಕ್ಕಕ್ಕಿಲ್ಲ. ನಾನು ಅದರ ಜೊತೆ ಗುದ್ದಾಡಲಿಲ್ಲ, ಆ ಪೆಟ್ಟಿಗೆಯಲ್ಲಿ ವೆಬ್ ಹುಡುಕುವುದನ್ನೇ ಬಿಟ್ಟೆ. ಔಟ್‌ಲುಕ್ ಬಳಸುವವರು ಅದರ ಆಪ್ಷನ್ಸ್‌ನಲ್ಲಿ ಲಿಂಕ್ ಯಾವುದರಲ್ಲಿ ತೆರೆಯಬೇಕು ಅನ್ನೋ ಸಾಲನ್ನೂ ನೋಡಿಕೊಳ್ಳಿ. ಅದು ವಿಂಡೋಸ್‌ನ ಪಟ್ಟಿಯನ್ನು ಕೇಳದೆ ತನ್ನದೇ ತೀರ್ಮಾನ ಮಾಡಬಹುದು.

ಮ್ಯಾಕ್‌ನಲ್ಲಿ ಕೆಲಸ ಸಲೀಸು, ಆದರೆ ಜಾಗ ಹುಡುಕುವುದೇ ಕಷ್ಟ. 2022ರ ವೆಂಚುರಾ ಆವೃತ್ತಿಯಿಂದ ಈಚೆಗೆ ಅದು ಸಿಸ್ಟಮ್ ಸೆಟ್ಟಿಂಗ್ಸ್‌ನ ಡೆಸ್ಕ್‌ಟಾಪ್ ಅಂಡ್ ಡಾಕ್ ಒಳಗೆ, ಕೆಳಗೆಲ್ಲೋ ಇದೆ. ಡಾಕ್ ಅಂದರೆ ಪರದೆ ಅಂಚಿನ ಐಕಾನ್ ಸಾಲು, ಅದಕ್ಕೂ ಬ್ರೌಸರ್‌ಗೂ ಏನು ಸಂಬಂಧವೋ! ಅದಕ್ಕೂ ಹಿಂದಿನ ಮ್ಯಾಕ್‌ಗಳಲ್ಲಿ ಜನರಲ್ ಅಡಿಯಲ್ಲಿ ಇರುತ್ತಿತ್ತು. ಲಿನಕ್ಸ್‌ನಲ್ಲಿ ಸೆಟ್ಟಿಂಗ್ಸ್‌ನ ಡೀಫಾಲ್ಟ್ ಅಪ್ಲಿಕೇಶನ್ಸ್ ಪುಟದಲ್ಲಿ ಒಂದು ಕ್ಲಿಕ್, ಮುಗಿಯಿತು.

ಫೋನಿಗೆ ಬರೋಣ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್, ಬ್ರೌಸರ್ ಆ್ಯಪ್. ಕಂಪನಿಗೊಂದು ಮೆನು ಇರುವುದರಿಂದ ಒಂದೆರಡು ಹೆಸರು ಆಚೀಚೆ ಆಗಬಹುದು. ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಪಟ್ಟಿಯಲ್ಲಿ ಡೀಫಾಲ್ಟ್ ಅಂತ ಟೈಪ್ ಮಾಡುವುದೇ ಸುಲಭ. ಹಳೇ ಆಂಡ್ರಾಯ್ಡ್‌ನಲ್ಲಿ ಲಿಂಕ್ ಒತ್ತಿದಾಗ ಒಮ್ಮೆ ಮಾತ್ರವೋ ಯಾವಾಗಲೂನೋ ಅಂತ ಕೇಳುತ್ತಿತ್ತು, ನೆನಪಿದೆಯಾ? ಅವಸರದಲ್ಲಿ ಯಾವಾಗಲೂ ಒತ್ತಿ ಪಶ್ಚಾತ್ತಾಪ ಪಟ್ಟವರಲ್ಲಿ ನಾನೂ ಒಬ್ಬ.

ಐಫೋನ್‌ನಲ್ಲಿ 2020ರ ಸೆಪ್ಟೆಂಬರ್‌ವರೆಗೆ ಆ್ಯಪಲ್‌ನದೇ ಬ್ರೌಸರ್ ಸಫಾರಿ ಬಿಟ್ಟು ಬೇರೆಯದನ್ನು ಡೀಫಾಲ್ಟ್ ಮಾಡಲು ಆಗುತ್ತಲೇ ಇರಲಿಲ್ಲ. ಐಒಎಸ್ 14 ಬಂದ ಮೇಲೆ ಆ ದಾರಿ ತೆರೆಯಿತು. ಈಗಿನ ಫೋನ್‌ಗಳಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್ ಅಂತ ಹೋದರೆ ಸಿಗುತ್ತದೆ. ಹಳೇ ಆವೃತ್ತಿಯಲ್ಲಿ ಸೆಟ್ಟಿಂಗ್ಸ್‌ನಲ್ಲಿ ಆಯಾ ಬ್ರೌಸರಿನ ಹೆಸರು ಹುಡುಕಿ ಒತ್ತಬೇಕು. ಆದರೆ ಒಂದು ಮಾತು. ಯುರೋಪಿಯನ್ ಒಕ್ಕೂಟದಂಥ ಕೆಲವು ಕಡೆ 2024ರಿಂದ ನಿಯಮ ಬೇರೆಯಾಗಿದೆ. ಉಳಿದಂತೆ ಐಫೋನ್‌ನಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗಿನ ಎಂಜಿನ್ (ಪುಟವನ್ನು ಪರದೆ ಮೇಲೆ ಮೂಡಿಸುವ ಭಾಗ) ಸಫಾರಿಯದೇ, ಅಂದರೆ ವೆಬ್‌ಕಿಟ್. ಬದಲಾಗುವುದು ಹೊರಗಿನ ಅಂಗಿ, ಬುಕ್‌ಮಾರ್ಕ್, ಸಿಂಕ್. ಯಾವುದೋ ಸೈಟ್ ಸಫಾರಿಯಲ್ಲಿ ಸರಿ ಕಾಣಲ್ಲ ಅಂತ ಬ್ರೌಸರ್ ಬದಲಿಸುವವರಿಗೆ ಅದು ಅಲ್ಲೂ ಹಾಗೇ ಕಾಣುವ ಸಾಧ್ಯತೆ ಜಾಸ್ತಿ.

ಮನೆಯಲ್ಲಿರುವ ಐಫೋನ್‌ನಲ್ಲಿ ಒಂದು ತಮಾಷೆ ಆಯಿತು. ಜಾಗ ಖಾಲಿ ಮಾಡಲು ಕೆಲವು ಆ್ಯಪ್ ತೆಗೆಯುವಾಗ ಫೈರ್‌ಫಾಕ್ಸ್ ಕೂಡ ಹೋಯಿತು. ಆಮೇಲೆ ಮತ್ತೆ ಹಾಕಿದೆ. ಡೀಫಾಲ್ಟ್ ಮಾತ್ರ ಸದ್ದಿಲ್ಲದೆ ಸಫಾರಿಗೆ ಮರಳಿತ್ತು. ಡೀಫಾಲ್ಟ್ ಆದ ಆ್ಯಪನ್ನು ತೆಗೆದರೆ ಸಫಾರಿಗೇ ಹೋಗುವುದು ಅಲ್ಲಿನ ನಿಯಮ, ಮತ್ತೆ ಹಾಕಿದಾಗ ಹಳೆಯ ಆಯ್ಕೆ ನೆನಪಿರುವುದಿಲ್ಲ. ಎರಡು ದಿನ ಸುಮ್ನೆ ಫೋನನ್ನು ಬೈದೆ.

ಫೋನಿನಲ್ಲಿ ನಿಜವಾದ ತಲೆನೋವು ಆ್ಯಪ್‌ಗಳ ಒಳಗಿನ ಕಿಟಕಿ. ಕೆಲವು ಸೋಶಿಯಲ್ ಮೀಡಿಯಾ ಆ್ಯಪ್‌ಗಳಲ್ಲಿ ಲಿಂಕ್ ಒತ್ತಿದರೆ ಅದು ನಿಮ್ಮ ಬ್ರೌಸರಿಗೆ ಹೋಗುವುದೇ ಇಲ್ಲ, ಆ್ಯಪ್‌ನ ಹೊಟ್ಟೆಯೊಳಗೇ ತೆರೆಯುತ್ತದೆ. ಇದರಲ್ಲಿ ಎರಡು ಜಾತಿ. ಆಂಡ್ರಾಯ್ಡ್‌ನಲ್ಲಿ ಕಸ್ಟಮ್ ಟ್ಯಾಬ್ ಅನ್ನೋದು ಸಾಮಾನ್ಯವಾಗಿ ನಿಮ್ಮ ಡೀಫಾಲ್ಟ್ ಬ್ರೌಸರನ್ನೇ ಆ್ಯಪ್ ಮೇಲೆ ತಂದು ಕೂರಿಸುತ್ತದೆ, ನಿಮ್ಮ ಲಾಗಿನ್‌ಗಳೂ ಅಲ್ಲಿರುತ್ತವೆ. ಇನ್ನೊಂದು ವೆಬ್‌ವ್ಯೂ, ಅದು ಆ ಆ್ಯಪ್‌ನದೇ ಸ್ವಂತ ಕಿಟಕಿ. ಅದಕ್ಕೆ ನಿಮ್ಮ ಕುಕಿಯೂ ಗೊತ್ತಿಲ್ಲ, ಎಕ್ಸ್‌ಟೆನ್ಷನ್ನೂ ಗೊತ್ತಿಲ್ಲ. ಗುರುತಿಸುವ ಸುಲಭ ದಾರಿ: ಬ್ರೌಸರಿನಲ್ಲಿ ಈಗಾಗಲೇ ಲಾಗಿನ್ ಆಗಿರುವ ಸೈಟ್‌ನ ಲಿಂಕ್ ಒತ್ತಿ ನೋಡಿ. ಮತ್ತೆ ಪಾಸ್‌ವರ್ಡ್ ಕೇಳಿದರೆ ಅದು ವೆಬ್‌ವ್ಯೂ ಇರಬಹುದು. ಆಗ ಮೂರು ಚುಕ್ಕಿ ಒತ್ತಿ ಬ್ರೌಸರಿನಲ್ಲಿ ತೆರೆ ಅನ್ನೋದನ್ನು ಆರಿಸಿ. ಆಂಡ್ರಾಯ್ಡ್ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಲಿಂಕ್‌ಗಳನ್ನು ಜಿಮೇಲ್ ಒಳಗೇ ತೆರೆಯುವ ಟಿಕ್ ಇದೆ, ತೆಗೆದುಬಿಟ್ಟೆ. ಬೇರೆ ಆ್ಯಪ್‌ಗಳಲ್ಲೂ ಹೀಗೇ ಒಂದೊಂದು ಟಿಕ್ ಎಲ್ಲೋ ಅವಿತಿರುತ್ತದೆ.

ಮುಖಪರದೆ ಮೇಲಿನ ಶಾರ್ಟ್‌ಕಟ್‌ಗಳನ್ನು ಮರೆಯಬೇಡಿ. ಹಳೇ ಬ್ರೌಸರಿನಿಂದ ಹೋಮ್ ಸ್ಕ್ರೀನ್‌ಗೆ ಹಾಕಿಕೊಂಡ ಸೈಟ್‌ಗಳು ಅದಕ್ಕೇ ಅಂಟಿಕೊಂಡಿರುತ್ತವೆ. ನನ್ನ ಆಂಡ್ರಾಯ್ಡ್‌ನಲ್ಲಿ ಅಂಥವು ಐದಿದ್ದವು. ಐದನ್ನೂ ತೆಗೆದು ಹೊಸದರಿಂದ ಮತ್ತೆ ಹಾಕಿದೆ.

ಇಷ್ಟೆಲ್ಲ ಆದಮೇಲೂ ಒಂದು ವಾರ ಹಳೇ ಬ್ರೌಸರ್ ದಿನಾ ತೆರೆಯುತ್ತಲೇ ಇತ್ತು. ಯಾವ ಸೆಟ್ಟಿಂಗ್ ಬಿಟ್ಟೆ ಅಂತ ತಲೆ ಕೆಡಿಸಿಕೊಂಡೆ. ನೋಡಿದರೆ ತೆರೆಯುತ್ತಿದ್ದವನು ನಾನೇ. ಟಾಸ್ಕ್‌ಬಾರ್‌ನಲ್ಲಿ ಅದರ ಐಕಾನ್ ಹಳೇ ಜಾಗದಲ್ಲೇ ಇತ್ತು, ಬೆರಳು ತಂತಾನೇ ಅಲ್ಲಿಗೆ ಹೋಗುತ್ತಿತ್ತು. ಐಕಾನ್ ಕಿತ್ತು ಅದೇ ಜಾಗದಲ್ಲಿ ಹೊಸದನ್ನು ಇಟ್ಟೆ. ಆವತ್ತಿನಿಂದ ಆ ಕಾಟ ತಪ್ಪಿತು.

ಹಳೇ ಬ್ರೌಸರನ್ನು ಪೂರ್ತಿ ತೆಗೆದಿಲ್ಲ. ಕೆಲವು ಫಾರ್ಮ್‌ಗಳು, ವಿಡಿಯೊ ಕರೆಯ ಕೆಲವು ಸೈಟ್‌ಗಳು ಒಂದೊಂದು ಬ್ರೌಸರಿನಲ್ಲಿ ಮಾತ್ರ ನೆಟ್ಟಗೆ ನಡೆಯುತ್ತವೆ, ಆಗ ಬೇಕಾಗುತ್ತದೆ. ಅದನ್ನು ತೆರೆದಾಗಲೆಲ್ಲ ನನ್ನನ್ನೇ ಡೀಫಾಲ್ಟ್ ಮಾಡಿ ಅಂತ ಮೇಲೊಂದು ಪಟ್ಟಿ ಬರುತ್ತದೆ. ಒಮ್ಮೆ ಓದದೆ ಹೌದು ಒತ್ತಿ, ಸೆಟ್ಟಿಂಗ್ಸ್ ಪುಟ ತೆರೆದುಕೊಂಡ ಮೇಲೆ ಎಚ್ಚೆತ್ತೆ.

ಈಗ ಯಾವ ಹೊಸ ಸಾಧನ ಬಂದರೂ ನನ್ನ ಪರೀಕ್ಷೆ ಹೀಗೆ: ಮೇಲ್‌ನಿಂದ ಒಂದು ಲಿಂಕ್, ಮೆಸೇಜ್‌ನಿಂದ ಒಂದು, ಒಂದು ಪಿಡಿಎಫ್, ಅದರೊಳಗಿನ ಒಂದು ಲಿಂಕ್. ನಾಲ್ಕೂ ಒತ್ತಿ ನೋಡುತ್ತೇನೆ. ಆಫೀಸ್ ಲ್ಯಾಪ್‌ಟಾಪ್ ಒಂದರಲ್ಲಿ ಮಾತ್ರ ಈ ಆಟ ನಡೆಯಲಿಲ್ಲ. ಅಲ್ಲಿ ಸೆಟ್ಟಿಂಗ್ ಐಟಿಯವರ ಕೈಲಿದೆ, ನಾನು ಬದಲಿಸಿದ್ದೆಲ್ಲ ಮತ್ತೆ ಲಾಗಿನ್ ಆದಾಗ ಮೊದಲಿನ ಹಾಗೇ ಆಗಿರುತ್ತದೆ. ಅಲ್ಲಿ ಇವತ್ತಿಗೂ ವಿಳಾಸ ಕಾಪಿ ಮಾಡಿ ಪೇಸ್ಟ್ ಮಾಡುತ್ತಿದ್ದೇನೆ.