ಕಾರ್ಡಿನ ವಯಸ್ಸು ಬಿಲ್ಲಿನಲ್ಲಿ ಇರಲ್ಲ

ಆಷಾಢದಲ್ಲಿ ನಮ್ಮ ಕಡೆ ಮದುವೆ ಇರಲ್ಲ. ಛತ್ರಗಳೆಲ್ಲ ಖಾಲಿ, ನಮಗೂ ಬಿಡುವು. ಮಂಡ್ಯದಲ್ಲಿ ಮದುವೆ ಆಲ್ಬಂ, ವಿಡಿಯೋ ಎಡಿಟಿಂಗ್ ಮಾಡಿಕೊಂಡು ಬದುಕುತ್ತಿರುವವನು ನಾನು. ಕ್ಯಾಬಿನೆಟ್ ಬಿಚ್ಚಿ ಧೂಳು ಹೊಡೆಯೋದು, ವಿಂಡೋಸ್ ಹೊಸದಾಗಿ ಹಾಕೋದು, ಗ್ರಾಫಿಕ್ಸ್ ಕಾರ್ಡಿನ (ಪರದೆಗೆ ಚಿತ್ರ ಕೊಡುವ ಕಾರ್ಡು) ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್ ಬದಲಾಯಿಸೋದು, ಎಲ್ಲಾ ಈ ಒಂದು ತಿಂಗಳಲ್ಲೇ ಮುಗಿಸಿಕೊಳ್ಳಬೇಕು. ಶ್ರಾವಣ ಬಂತು ಅಂದರೆ ತಲೆ ಎತ್ತೋಕೂ ಪುರುಸೊತ್ತು ಸಿಗಲ್ಲ.

2018ರ ಆಷಾಢದಲ್ಲಿ ಹೀಗೇ ಕೂತಿದ್ದೆವು. ಆಗ ನನ್ನ ಹತ್ತಿರ ಎರಡು ಕಂಪ್ಯೂಟರ್. ಎರಡರಲ್ಲೂ ಎನ್‌ವಿಡಿಯಾ ಜಿಟಿ 730 ಕಾರ್ಡ್, ಎರಡೂ 2 ಜಿಬಿ. ಹೊಸ ಡ್ರೈವರ್ ಇಳಿಸಿ, ಪೆನ್‌ಡ್ರೈವಿಗೆ ಹಾಕಿ, ಎರಡಕ್ಕೂ ಕೊಟ್ಟೆ. ಒಂದರಲ್ಲಿ ಸಲೀಸಾಗಿ ಕೂತುಕೊಂಡಿತು. ಇನ್ನೊಂದರಲ್ಲಿ, ಈ ಡ್ರೈವರಿಗೆ ಹೊಂದುವ ಹಾರ್ಡ್‌ವೇರ್ ಇಲ್ಲ ಅಂತ ಬಂತು. ಜೊತೆಗಿದ್ದ ಹುಡುಗ ಎರಡು ಸಲ ಕಾರ್ಡ್ ಕಿತ್ತು, ತುದಿ ಒರೆಸಿ, ಮತ್ತೆ ಹಾಕಿದ. ಅದೇ ಮಾತು.

"ಅಣ್ಣಾ, ಎರಡೂ ಒಂದೇ ಕಾರ್ಡಲ್ವಾ? ಇದ್ಕೆ ಕೂತ್ಕತು, ಅದ್ಕೆ ಯಾಕ್ ಕೂರ್ತಿಲ್ಲ?" ಅಂದ.

ನನಗೂ ಉತ್ತರ ಗೊತ್ತಿರಲಿಲ್ಲ. ಜಿಪಿಯು-ಝಡ್ ಅನ್ನೋ ಸಣ್ಣ ಪ್ರೋಗ್ರಾಂ ಎರಡರಲ್ಲೂ ತೆರೆದು, ಮಾನಿಟರ್ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿದೆವು. ಮೇಲಿನ ಸಾಲಿನಲ್ಲಿ ಎರಡಕ್ಕೂ ಜಿಟಿ 730 ಅಂತಲೇ ಇತ್ತು. ಅದರ ಕೆಳಗೆ ಚಿಪ್ಪಿನ ಹೆಸರು. ಡ್ರೈವರ್ ಕೂರದಿದ್ದರಲ್ಲಿ ಜಿಎಫ್108, ಕೂತಿದ್ದರಲ್ಲಿ ಜಿಕೆ208. ಇನ್ನೂ ಕೆಳಗೆ, ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕಗಳಾದ ಶೇಡರ್‌ಗಳ ಲೆಕ್ಕ. ಮೊದಲನೆಯದರಲ್ಲಿ 96, ಎರಡನೆಯದರಲ್ಲಿ 384. ಹುಡುಗ ಬೆರಳಿಟ್ಟು ತೋರಿಸಿದ್ದು ಆ 96ರ ಮೇಲೆ. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡ್ ಇದ್ದವು. ಕೊಳ್ಳುವಾಗ ನಾನು ಪೆಟ್ಟಿಗೆಯ ಹಿಂಭಾಗ ತಿರುಗಿಸಿ ನೋಡಿರಲಿಲ್ಲ. ತಪ್ಪು ನನ್ನದೇ.

ಒಂದೇ ವಿನ್ಯಾಸದ ಚಿಪ್ಪುಗಳನ್ನು ಒಂದು ಕುಟುಂಬ ಅನ್ನಬಹುದು. ಜಿಎಫ್ ಅಂದರೆ ಫರ್ಮಿ ಕುಟುಂಬ, 2010ರಲ್ಲಿ ಬಂದದ್ದು. ಜಿಕೆ ಅಂದರೆ ಕೆಪ್ಲರ್, 2012ರದ್ದು. ಜಿಟಿ 730 ಮಾರುಕಟ್ಟೆಗೆ ಬಂದದ್ದು 2014ರಲ್ಲಾದರೂ, ಒಂದು ಬಗೆಯೊಳಗೆ ಇದ್ದದ್ದು ಅದಕ್ಕೂ ಹಳೆಯ ಫರ್ಮಿ. ಫರ್ಮಿಗೆ ಹೊಸ ಡ್ರೈವರ್ ಬರೋದು 2018ರ ಏಪ್ರಿಲ್‌ನಲ್ಲೇ ನಿಂತಿತ್ತು. 390 ಅನ್ನೋ ಸಂಖ್ಯೆಯ ಡ್ರೈವರ್ ಸಾಲೇ ಕೊನೆ. ಅಲ್ಲಿಂದ 2019ರ ಜನವರಿವರೆಗೆ ತೀರಾ ಅಗತ್ಯದ ಸೆಕ್ಯುರಿಟಿ ತಿದ್ದುಪಡಿ ಮಾತ್ರ. 32 ಬಿಟ್ ವಿಂಡೋಸಿಗೂ ಅದೇ 390ರ ಸಾಲಿನಲ್ಲೇ ಕೊನೆ ಆಯಿತು.

ಅವತ್ತು ನನಗೆ ಮನವರಿಕೆ ಆದದ್ದು ಇಷ್ಟು. ಕಂಪನಿಗಳು ನಾವು ಕೊಂಡ ದಿನದಿಂದ ಲೆಕ್ಕ ಹಾಕಲ್ಲ. ಕಾರ್ಡಿನ ಹೆಸರಿನಿಂದಲೂ ಹಾಕಲ್ಲ. ಚಿಪ್ಪಿನ ಕುಟುಂಬ ಯಾವಾಗ ಹುಟ್ಟಿತೋ ಅಲ್ಲಿಂದ ಲೆಕ್ಕ. ಕೈಬಿಡುವಾಗ ಇಡೀ ಕುಟುಂಬವನ್ನೇ ಬಿಡುತ್ತಾರೆ. ಒಂದು ಡ್ರೈವರ್ ಬಿಡಬೇಕು ಅಂದರೆ ಅದರೊಳಗಿರುವ ಒಂದೊಂದು ಕುಟುಂಬವನ್ನೂ ಬೇರೆ ಬೇರೆ ಪರೀಕ್ಷೆ ಮಾಡಬೇಕು. ಆ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಕೊಳ್ಳುವವನಿಗೆ ಕುಟುಂಬದ ಹೆಸರು ಪೆಟ್ಟಿಗೆಯ ಮುಂಭಾಗದಲ್ಲೇ ದೊಡ್ಡದಾಗಿ ಕಾಣಬೇಕು ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಅವತ್ತೇ ಒಂದು ನೋಟ್‌ಬುಕ್ ಶುರು ಮಾಡಿದೆ. ಒಂದೊಂದು ಕಂಪ್ಯೂಟರಿಗೆ ಒಂದೊಂದು ಪುಟ. ಕಾರ್ಡು, ಚಿಪ್ಪು, ಕುಟುಂಬ, ಈಗ ಹಾಕಿರುವ ಡ್ರೈವರ್ ಸಂಖ್ಯೆ, ವಿಂಡೋಸ್ ಯಾವುದು. ಕೊನೆಯಲ್ಲಿ ಎರಡು ತಾರೀಖು: ಹೊಸ ಡ್ರೈವರ್ ಯಾವಾಗ ನಿಲ್ಲುತ್ತದೆ, ಸೆಕ್ಯುರಿಟಿ ಯಾವಾಗ ನಿಲ್ಲುತ್ತದೆ. ಎರಡೂ ಬೇರೆ. ಮೊದಲನೆಯದು ಮುಗಿದರೆ ಹೊಸ ಗೇಮು, ಹೊಸ ಸಾಫ್ಟ್‌ವೇರಿಗೆ ಬೇಕಾದ ಬದಲಾವಣೆ ಸಿಗಲ್ಲ, ಅಷ್ಟೇ. ಎರಡನೆಯದೂ ಮುಗಿದರೆ ಆ ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ಬಿಡಬೇಕಾ ಅಂತ ಯೋಚಿಸಬೇಕು.

ಕೆಪ್ಲರ್ ಪುಟದಲ್ಲಿ ಈಗ ಎರಡೂ ತಾರೀಖಿನ ಮೇಲೆ ಗೆರೆ ಎಳೆದಾಗಿದೆ. 470ರ ಸಾಲು ಕೊನೆ. 2021ರ ಅಕ್ಟೋಬರಿನಿಂದ ಸೆಕ್ಯುರಿಟಿ ಮಾತ್ರ ಆಯಿತು. 2024ರ ಸೆಪ್ಟೆಂಬರಿಗೆ ಅದೂ ಮುಗಿಯಿತು. ವಿಂಡೋಸ್ 7ಕ್ಕೂ ಇವೇ ತಾರೀಖು.

ನಮ್ಮ ಕಸುಬಿನವರು ಇನ್ನೊಂದು ವಿಷಯ ಗಮನಿಸಬೇಕು. ಡ್ರೈವರ್ ನಿಂತ ಕೂಡಲೇ ಕಾರ್ಡ್ ಕೆಡಲ್ಲ. ತೊಂದರೆ ಕೊಡೋದು ಎಡಿಟಿಂಗ್ ಸಾಫ್ಟ್‌ವೇರ್. ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಮಾಡೋದು) ಬೇಗ ಆಗೋಕೆ ಅದು ಕೂಡಾವನ್ನು (CUDA), ಅಂದರೆ ಲೆಕ್ಕದ ಕೆಲಸವನ್ನು ಕಾರ್ಡಿಗೆ ಒಪ್ಪಿಸುವ ಎನ್‌ವಿಡಿಯಾ ಸಾಫ್ಟ್‌ವೇರನ್ನು ನೆಚ್ಚಿಕೊಂಡಿರುತ್ತದೆ. ಕೂಡಾ 12ರಲ್ಲಿ ಕೆಪ್ಲರ್ ಇಲ್ಲ. 2025ರಲ್ಲಿ ಬಂದ ಕೂಡಾ 13ರಲ್ಲಿ ಕೆಪ್ಲರ್ ಆದಮೇಲೆ ಬಂದ ಮ್ಯಾಕ್ಸ್‌ವೆಲ್, ಪಾಸ್ಕಲ್, ವೋಲ್ಟಾ ಕುಟುಂಬಗಳು ಮೂರೂ ಇಲ್ಲ. ಅದಕ್ಕೇ ಸೀಸನ್ ನಡುವೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಡಿ ಅಂತ ನಮ್ಮ ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಧಾರೆ ಮುಗಿದ ವಾರದಲ್ಲೇ ವಿಡಿಯೋ ಕೇಳುವ ಮನೆಯವರಿಗೆ ಕೂಡಾ ಕಥೆ ಹೇಳೋಕಾಗುತ್ತಾ?

ಆ ಎರಡರಲ್ಲಿ ಕೆಪ್ಲರ್ ಚಿಪ್ಪಿನ ಜಿಟಿ 730 ಇನ್ನೂ ಇದೆ. ಗ್ರಾಹಕರು ಆಲ್ಬಂಗೆ ಫೋಟೋ ಆರಿಸುವ ಕಂಪ್ಯೂಟರಿನಲ್ಲಿ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಕೂರಿಸಿದ್ದೆ. ಕಳೆದ ವರ್ಷ ಯೋಚನೆ ಮಾಡದೆ ಅದರ ಕರ್ನಲ್‌ಗೆ, ಅಂದರೆ ಲಿನಕ್ಸಿನ ತಿರುಳಿಗೆ, ಅಪ್‌ಡೇಟ್ ಕೊಟ್ಟುಬಿಟ್ಟೆ. 470ರ ಡ್ರೈವರ್ ಹೊಸ ಕರ್ನಲ್‌ಗೆ ಹೊಂದಲಿಲ್ಲ. ಪರದೆ ಕಪ್ಪಗಾಯಿತು. ಪಾಂಡವಪುರದಿಂದ ಬಂದ ಮನೆಯವರು, ಮದುಮಗಳ ಅಜ್ಜಿ ಸಮೇತ, ಬೆಂಚಿನ ಮೇಲೆ ಕಾಯುತ್ತಿದ್ದರು. ಮತ್ತೆ ಆನ್ ಮಾಡಿ, ಶುರುವಿನ ಮೆನುವಿನಲ್ಲಿ ಹಳೆ ಕರ್ನಲ್ ಆರಿಸಿದೆ. ಚಿತ್ರ ಬಂತು. ಅವರು ಹೋದ ಮೇಲೆ ಹಳೆ ಕರ್ನಲ್ ಅಲ್ಲೇ ನಿಲ್ಲುವ ಹಾಗೆ ಮಾಡಿ, ನೆಟ್ ವೈರ್ ತೆಗೆದೆ. ಫೋಟೋ ತೋರಿಸೋಕೆ ನೆಟ್ ಯಾಕೆ ಬೇಕು, ಅಲ್ವಾ?

ಹಳೆ ಕಾರ್ಡಿನ ವಿಷಯದಲ್ಲಿ ಲಿನಕ್ಸ್ ನಿಜವಾಗಿ ಆಸರೆಯಾಗೋದು ಎನ್‌ವಿಡಿಯಾದ ಎದುರಾಳಿ ಕಂಪನಿ ಎಎಂಡಿಯ ಕಾರ್ಡುಗಳಲ್ಲಿ. ನನ್ನ ತಂಗಿ ಮಗನ ಹತ್ತಿರ ಎಚ್‌ಡಿ 7750 ಇದೆ, 2012ರ ಕಾರ್ಡು. ಆ ಸಾಲಿನವಕ್ಕೆ ವಿಂಡೋಸಿನ ಹೊಸ ಡ್ರೈವರ್ 2021ರ ಜೂನಿನಲ್ಲೇ ನಿಂತಿತು. ಲಿನಕ್ಸಿನಲ್ಲಿ ಎಎಂಡಿ ಡ್ರೈವರ್ ಕರ್ನಲ್ ಒಳಗೇ ಇರುತ್ತದೆ, ಉಳಿದದ್ದು ಮೆಸಾ ಅನ್ನೋ ಗ್ರಾಫಿಕ್ಸ್ ಸಾಫ್ಟ್‌ವೇರಿನಲ್ಲಿ. ಎಲ್ಲಾ ತೆರೆದ ಕೋಡ್. ಕಂಪನಿ ಕೈಬಿಟ್ಟರೂ ಬೇರೆಯವರು ನೋಡಿಕೊಳ್ಳಬಹುದು, ನೋಡಿಕೊಳ್ಳುತ್ತಲೂ ಇದ್ದಾರೆ. ಇಷ್ಟು ಹಳೆ ಕಾರ್ಡನ್ನು ಹೊಸ ಎಎಂಡಿಜಿಪಿಯು ಡ್ರೈವರಿನಲ್ಲಿ ಓಡಿಸೋಕೆ ಮೊದಲು ಕರ್ನಲ್‌ಗೆ ಕೈಯಾರೆ ಆಯ್ಕೆ ಬರೆದು ಕೊಡಬೇಕಿತ್ತು. 6.19ರ ಕರ್ನಲ್‌ನಿಂದ ಅದೂ ಬೇಡ, ತಾನೇ ಹಿಡಿಯುತ್ತದೆ. ಇದನ್ನು ಕೂತು ಮಾಡಿದವರ ಮೇಲೆ ನನಗೆ ತುಂಬಾ ಗೌರವ.

ನನ್ನ ಮುಖ್ಯ ಎಡಿಟಿಂಗ್ ಕಂಪ್ಯೂಟರಿನಲ್ಲಿ 2017ರಲ್ಲಿ ಕೊಂಡ ಜಿಟಿಎಕ್ಸ್ 1050 ಟಿಐ ಇತ್ತು. ಪಾಸ್ಕಲ್ ಕುಟುಂಬ, 2016ರದ್ದು. ಕೊನೆಯ ಹೊಸ ಡ್ರೈವರ್ (ಎನ್‌ವಿಡಿಯಾ ಅದನ್ನು ಗೇಮ್ ರೆಡಿ ಅನ್ನುತ್ತದೆ) 2025ರ ಅಕ್ಟೋಬರಿನಲ್ಲಿ ಬಂತು. 580ರ ಸಾಲೇ ಕೊನೆ. ಇನ್ನು ಮೂರು ತಿಂಗಳಿಗೊಮ್ಮೆ ಸೆಕ್ಯುರಿಟಿ, 2028ರ ಅಕ್ಟೋಬರ್‌ವರೆಗೆ. ಹೆಚ್ಚುಕಮ್ಮಿ ಒಂಬತ್ತು ವರ್ಷ ಹೊಸ ಡ್ರೈವರ್ ಸಿಕ್ಕಿತು. ಅದರ ಜೊತೆಗೇ ನಿಂತ ಮ್ಯಾಕ್ಸ್‌ವೆಲ್ಲಿನ 750 ಟಿಐ 2014ರ ಫೆಬ್ರವರಿಯದ್ದು, ಅದಕ್ಕೆ ಹನ್ನೊಂದು ವರ್ಷಕ್ಕೂ ಜಾಸ್ತಿ. ಇದು ಒಳ್ಳೆಯ ಕಾಲವೇ. ಆದರೆ ಅದೇ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಕೂಡ ಮುಗಿಯಿತು. ನನ್ನದು ಏಳನೇ ತಲೆಮಾರಿನ ಐ5. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೆಯದಾದರೂ ಬೇಕು. ಎರಡು ಏಟು ಒಂದೇ ತಿಂಗಳು ಬಿತ್ತು. ನೋಟ್‌ಬುಕ್ಕಿನಲ್ಲಿ ಮೊದಲೇ ಬರೆದಿದ್ದರಿಂದ ಆ ವರ್ಷದ ಆಷಾಢಕ್ಕೇ ದುಡ್ಡು ಹೊಂದಿಸಿಕೊಂಡಿದ್ದೆ. ಎಡಿಟಿಂಗಿಗೆ ಬೇರೆ ಕಂಪ್ಯೂಟರ್ ತಂದೆ. ಹಳೆಯದಕ್ಕೆ ಮಿಂಟ್ ಹಾಕಿ, 580ರ ಡ್ರೈವರ್ ಕೊಟ್ಟು, ಹಾರ್ಡ್‌ಡಿಸ್ಕ್ ತುಂಬಿಸಿ, ಮುಗಿದ ಮದುವೆಗಳ ಬ್ಯಾಕಪ್‌ಗೆ ಬಿಟ್ಟಿದ್ದೇನೆ.

ಮೊನ್ನೆ ಮದ್ದೂರಿನ ಹುಡುಗನೊಬ್ಬ ಬಂದಿದ್ದ. ಹೊಸದಾಗಿ ಕ್ಯಾಮೆರಾ ಹಿಡಿದಿದ್ದಾನೆ.

"ಅಣ್ಣಾ, ಮೈಸೂರಲ್ಲಿ ಸೆಕೆಂಡ್ ಹ್ಯಾಂಡ್ 1060 ಒಂದೈತೆ, 6 ಜಿಬಿ. ತಕೊಳ್ಳಾ?"

"ಗೇಮ್ ಆಡೋಕಾದರೆ ತಗೋ. ಎಡಿಟಿಂಗ್ ಮಾಡಿ ಹೊಟ್ಟೆ ಹೊರೀಬೇಕು ಅಂದ್ರೆ ಬೇಡ ಕಣಪ್ಪಾ" ಅಂದೆ.

1060 ಕೂಡ ಪಾಸ್ಕಲ್ಲೇ. ಅದರ ಬದಲು 1650 ಅಥವಾ 1660 ಸೂಪರ್ ಹುಡುಕು ಅಂದೆ. ಹೆಸರಿನಲ್ಲಿ ಅವಕ್ಕೂ ಜಿಟಿಎಕ್ಸ್ ಅಂತಲೇ ಇದೆ, ಆದರೆ ಒಳಗೆ ಟ್ಯೂರಿಂಗ್, 2018ರ ಕುಟುಂಬ, 2025ರ ಅಕ್ಟೋಬರಿನಲ್ಲಿ ಕೈಬಿಟ್ಟವುಗಳ ಪಟ್ಟಿಯಲ್ಲಿ ಅದಿಲ್ಲ. ಪೆನ್‌ಡ್ರೈವಿನಲ್ಲಿ ಜಿಪಿಯು-ಝಡ್ ಹಾಕಿಕೊಟ್ಟೆ. ದುಡ್ಡು ಕೊಡೋ ಮುಂಚೆ ಅವರ ಕಂಪ್ಯೂಟರಿನಲ್ಲೇ ತೆರೆದು, ಹೆಸರಿನ ಕೆಳಗಿನ ಸಾಲು ಓದು, ಟಿಯು ಅಂತ ಶುರುವಾದರೆ ಮಾತ್ರ ಬೆಲೆ ಮಾತಾಡು ಅಂತ ಹೇಳಿ ಕಳಿಸಿದೆ. ಸಂಜೆ ಬಸ್ಸಿನಿಂದಲೇ ಆ ಸಾಲಿನ ಫೋಟೋ ಕಳಿಸಿದ್ದ. ಟಿಯು116.