ತಡವರಿಸಿದರೆ ತಡವರಿಸಲಿ, ಕಾಯಿರಿ: ಮನೆಪಾಠದಲ್ಲಿ ವಿದೇಶಿ ಭಾಷೆ ಕಲಿಸುವ ಬಗೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಸಂಜೆ ಐದೂವರೆಗೆ ಜರ್ಮನ್ ಪಾಠ ಶುರುವಾಗುತ್ತದೆ. ಆರು ಜನ ಬರುತ್ತಾರೆ. ಇಬ್ಬರು ಮಂಡ್ಯದಿಂದ ರೈಲು ಹಿಡಿದು ಬರುವವರು. ನೀವೂ ಮನೆಯಲ್ಲಿ ಫ್ರೆಂಚೋ ಜರ್ಮನ್ನೋ ಜಪಾನಿಯೋ ಹೇಳಿಕೊಡಬೇಕು ಅಂದುಕೊಂಡಿದ್ದರೆ, ನಾನು ಮಾಡುವ ಕ್ರಮವನ್ನು ಹೇಳುತ್ತೇನೆ.

ಮೊದಲ ದಿನ ಪುಸ್ತಕ ಬೇಡ

ಯಾಕೆ ಕಲಿಯುತ್ತಿದ್ದೀಯಾ ಅಂತ ಕೇಳಿ. ಗಂಡ ಜರ್ಮನಿಯಲ್ಲಿದ್ದಾನೆ, ವೀಸಾಕ್ಕೆ ಎ1 (ಭಾಷೆಯ ಮೊದಲ ಹಂತ) ಬೇಕು ಅನ್ನುವವಳ ದಾರಿ ಒಂದು. ನರ್ಸ್ ಕೆಲಸಕ್ಕೆ ಹೋಗುವವಳಿಗೆ ಸಾಮಾನ್ಯವಾಗಿ ಬಿ2 (ನಾಲ್ಕನೇ ಹಂತ) ಕೇಳುತ್ತಾರೆ, ಅದು ಎಷ್ಟೋ ದೂರದ ದಾರಿ. ಜರ್ಮನ್ ಭಾಷೆಯ ಪರೀಕ್ಷೆ ನಡೆಸುವ ಗೊಯೆಥೆ ಸಂಸ್ಥೆಯ ಎ1 ಪರೀಕ್ಷೆಯಲ್ಲಿ 100ಕ್ಕೆ 60 ಬಂದರೆ ಪಾಸು. ಇದನ್ನು ಮೊದಲ ದಿನವೇ ಹೇಳಿಬಿಡಿ. ಎಲ್ಲವೂ ಸರಿ ಇರಲೇಬೇಕು ಎಂಬ ಭಯ ಅರ್ಧ ಇಳಿಯುತ್ತದೆ.

ಕನ್ನಡವನ್ನೇ ಏಣಿ ಮಾಡಿಕೊಳ್ಳಿ

ನಮ್ಮ ಕಡೆಯ ಮಕ್ಕಳಿಗೆ ಇಂಗ್ಲಿಷಿನ ಮೂಲಕವೇ ಇನ್ನೊಂದು ಭಾಷೆ ಕಲಿಯಬೇಕು ಅನ್ನುವ ನಂಬಿಕೆ ಇದೆ. ಇಂಗ್ಲಿಷ್ ಸಲೀಸಾಗಿ ಬರದವರು ಅಲ್ಲೇ ಸೋತುಬಿಡುತ್ತಾರೆ. ಅದು ಬೇಕಿಲ್ಲ. ಜರ್ಮನ್‌ನ ಎಷ್ಟೋ ಕಡೆ ಕನ್ನಡವೇ ಹತ್ತಿರ.

'ವೈಲ್ ಇಶ್ ಕಾಫೆ ಟ್ರಿಂಕೆ' ಎಂಬ ತುಂಡನ್ನು ನೋಡಿ. ಪದಕ್ಕೆ ಪದ ಇಟ್ಟರೆ 'ಯಾಕಂದ್ರೆ ನಾನು ಕಾಫಿ ಕುಡಿಯುತ್ತೇನೆ'. ಕ್ರಿಯಾಪದ ಕೊನೆಗೆ ಬಂದು ಕೂತಿದೆ, ನಮ್ಮಲ್ಲಿ ಇದ್ದ ಹಾಗೆಯೇ. ಇಂಗ್ಲಿಷಿನಿಂದ ಬಂದವರು ಇಲ್ಲಿ ತಿಣುಕಾಡುತ್ತಾರೆ. ಇನ್ನು ಚಳಿ. ನಾವು 'ನನಗೆ ಚಳಿ' ಅನ್ನುತ್ತೇವೆ. ಅವರು 'ಮಿರ್ ಇಸ್ಟ್ ಕಾಲ್ಟ್' ಅನ್ನುತ್ತಾರೆ. 'ಮಿರ್' ಅಂದರೆ 'ನನಗೆ'. ಶಾಲೆಯಲ್ಲಿ ಕಲಿತ ಚತುರ್ಥಿ ವಿಭಕ್ತಿ ಇಲ್ಲಿ ಕೈಹಿಡಿಯುತ್ತದೆ. ನೀನು, ನೀವು ಅನ್ನುವ ಭೇದವೂ ಅವರಲ್ಲಿದೆ: 'ಡೂ' ಮತ್ತು 'ಝೀ'. ಒಂದು ಎಚ್ಚರಿಕೆ ಮಾತ್ರ ಕೊಡಿ. ಅಲ್ಲಿ ಅಜ್ಜಿ ತಾತನಿಗೂ 'ಡೂ' ಅನ್ನುತ್ತಾರೆ, ಅದು ಅಗೌರವ ಅಲ್ಲ.

ಲಿಂಗದ ವಿಷಯ ಬಂದಾಗ ತರಗತಿಯಲ್ಲಿ ಯಾವಾಗಲೂ ಗದ್ದಲ. 'ಹುಡುಗಿ ನಪುಂಸಕಲಿಂಗವಾ ಮೇಡಂ?' ಹೌದು, 'ಡಾಸ್ ಮೇಡ್‌ಶೆನ್'. ಆಗ ನಾನು ಕೇಳುತ್ತೇನೆ, 'ಮಗು ಅಳ್ತಿದೆ ಅಂತೀವಲ್ವಾ?' ನಕ್ಕು ಒಪ್ಪಿಕೊಳ್ಳುತ್ತಾರೆ. ಆದರೆ ಕನ್ನಡದ ಏಣಿ ಇಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. ಮೇಜು ಗಂಡು, ಬಾಗಿಲು ಹೆಣ್ಣು, ಕಿಟಕಿ ನಪುಂಸಕ. ಇದಕ್ಕೆ ಕಾರಣ ಹುಡುಕಿಸಬೇಡಿ. ಮೂರು ಬಣ್ಣದ ಪೆನ್ನು ಕೊಟ್ಟು, ಪ್ರತಿ ಪದವನ್ನೂ ಅದರ ಲಿಂಗದ ಬಣ್ಣದಲ್ಲೇ ಬರೆಸಿ.

ಕನ್ನಡದಲ್ಲಿ ಇಲ್ಲದ ಸ್ವರವೊಂದಿದೆ, 'ಯು' ಅಕ್ಷರದ ಮೇಲೆ ಎರಡು ಚುಕ್ಕಿ ಇರುವುದು. ಬಾಯಿ ನೋಡಿಸಿಯೇ ಕಲಿಸಿ. 'ಈ' ಅನ್ನಲಿ, ನಾಲಿಗೆ ಅಲ್ಲೇ ಇರಲಿ, ತುಟಿ ಮಾತ್ರ 'ಊ' ಅನ್ನುವ ಹಾಗೆ ದುಂಡಗಾಗಲಿ. ಕೈಗೊಂದು ಪುಟ್ಟ ಕನ್ನಡಿ ಕೊಟ್ಟರೆ ಎರಡೇ ನಿಮಿಷದಲ್ಲಿ ಬರುತ್ತದೆ.

ಕಾಯುವುದು, ಆಮೇಲೆ ತಿದ್ದುವುದು

ನನ್ನಿಂದ ಒಂದು ತಪ್ಪಾಯಿತು. ಮಂಡ್ಯದ ಹುಡುಗಿಯೊಬ್ಬಳು ಮೊದಲ ಬಾರಿ ಎಲ್ಲರ ಎದುರು ಎದ್ದು ನಿಂತು 'ಇಶ್ ಬಿನ್ ಕಾಲ್ಟ್' ಅಂದಳು. ಇಂಗ್ಲಿಷಿನ ಅಚ್ಚು ಅದು. ಜರ್ಮನ್ನರ ಕಿವಿಗೆ 'ನಾನು ಕಲ್ಲುಮನಸ್ಸಿನವಳು' ಅಂದ ಹಾಗೆ ಕೇಳಿಸೀತು. ಅವಳಿಗೆ ಇನ್ನೂ ಹೇಳುವುದಿತ್ತು. ನಾನು ನಡುವೆಯೇ ತಡೆದು ತಿದ್ದಿದೆ. ಸುಮ್ನೆ ಕೂತಳು. ಎರಡು ವಾರ ಬರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ, ನಾನು ಅವಳ ಧೈರ್ಯ ಕಿತ್ತುಕೊಂಡಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಅಂದಿನಿಂದ ಪೂರ್ತಿ ಹೇಳಿ ಮುಗಿಸುವ ತನಕ ಬಾಯಿ ಬಿಡುವುದಿಲ್ಲ. ಮುಗಿದ ಮೇಲೆ ಸರಿಯಾದ ವಾಕ್ಯವನ್ನೇ ಮಾತಿನಲ್ಲಿ ಸೇರಿಸುತ್ತೇನೆ: 'ಓ, ಡಿರ್ ಇಸ್ಟ್ ಕಾಲ್ಟ್? ಫ್ಯಾನ್ ಆಫ್ ಮಾಡ್ಲಾ?' ನಿನಗೆ ಚಳಿಯಾ ಅಂತ ಅರ್ಥ. ಅವರೇ ಹಿಡಿದುಕೊಳ್ಳುತ್ತಾರೆ. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ, ಉಳಿದದ್ದು ನಾಳೆಗಿರಲಿ.

ಪ್ರಶ್ನೆ ಕೇಳಿದ ಮೇಲೂ ಕಾಯಿರಿ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಮೇಷ್ಟ್ರುಗಳು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್ ಅಷ್ಟೇ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರ ಉದ್ದವಾಯಿತು, ಬಾಯಿ ಬಿಡದೆ ಕೂರುವವರು ಕಡಿಮೆಯಾದರು. ನಾನು ಮನಸ್ಸಿನಲ್ಲೇ ಏಳರವರೆಗೆ ಎಣಿಸುತ್ತೇನೆ. ಮೊದಮೊದಲು ಆ ಮೌನ ನಮಗೇ ಕಷ್ಟ. ಪಕ್ಕದವರು ಉತ್ತರ ಪಿಸುಗುಟ್ಟದಂತೆ ಕಣ್ಣಲ್ಲೇ ಹೇಳಿಬಿಡಿ.

ಪದ ಮರೆತರೆ

ಬೈಯಬೇಡಿ. ಮರೆಯುವುದು ಸಹಜ ಅಂತ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ನನೇ 1885ರಲ್ಲಿ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ. ಒಂದೇ ದಿನ ಐವತ್ತು ಸಲ ಬರೆಸುವ ಬದಲು ಇವತ್ತು, ನಾಳೆ, ಮುಂದಿನ ವಾರ ಅಂತ ಬಿಡುವು ಕೊಟ್ಟು ಕೇಳಿ. ದಿನಕ್ಕೆ ಹತ್ತು ಪದ ಸಾಕು.

ಹೊಗಳುವಾಗ

'ಗುಡ್' ಅಂದರೆ ಮಗುವಿಗೆ ಏನೂ ಸಿಗುವುದಿಲ್ಲ. 'ಕ್ರಿಯಾಪದ ಕೊನೆಗೆ ಇಟ್ಟೆಯಲ್ಲಮ್ಮ, ಹೋದ ವಾರ ಬರ್ತಿರಲಿಲ್ಲ' ಅನ್ನಿ. ಯಾವುದು ಸರಿಹೋಯಿತು ಅಂತ ಅವಳಿಗೆ ಗೊತ್ತಾಗಬೇಕು. ಅಪ್ಪ ಅಮ್ಮ ಬಂದು 'ಎಷ್ಟು ತಿಂಗಳಿಗೆ ಮಾತಾಡ್ತಾಳೆ ಮೇಡಂ?' ಅಂತ ಅವಳ ಎದುರೇ ಕೇಳುತ್ತಾರೆ. ಆಗ ಅವಳು ಈಗಾಗಲೇ ಹೇಳಬಲ್ಲ ನಾಲ್ಕು ವಾಕ್ಯ ಅವರ ಮುಂದೆಯೇ ಹೇಳಿಸಿ. ಅಕ್ಕಪಕ್ಕದ ಮನೆ ಮಕ್ಕಳ ಜೊತೆ ಮಾತ್ರ ಹೋಲಿಸಬೇಡಿ.

ಪಾಠ ಬೀದಿಗೆ ಬರಲಿ

ಸಂಖ್ಯೆಗಳನ್ನು ನಾನು ದೇವರಾಜ ಮಾರುಕಟ್ಟೆಯಲ್ಲಿ ಕಲಿಸುತ್ತೇನೆ. ಜರ್ಮನ್‌ನಲ್ಲಿ ಮೂವತ್ತೈದನ್ನು 'ಐದು ಮತ್ತು ಮೂವತ್ತು' ಅಂತ ತಿರುಗಿಸಿ ಹೇಳಬೇಕು, ಅದಕ್ಕೇ ಎಲ್ಲರೂ ಎಡವುತ್ತಾರೆ. ಹೂವಿನವರು, ಬಾಳೆಹಣ್ಣಿನವರು ಕೂಗುವ ಬೆಲೆಯನ್ನು ಕೇಳಿಸಿಕೊಂಡು ಜರ್ಮನ್‌ನಲ್ಲಿ ಜೊತೆಯವರ ಕಿವಿಗೆ ಹೇಳಬೇಕು, ಅಷ್ಟೇ ಆಟ. ಆ ಮಂಡ್ಯದ ಹುಡುಗಿ ವಾಪಸ್ ಬಂದ ಮೇಲೆ ಮೊದಲು ಜೋರಾಗಿ ಬಾಯಿ ಬಿಟ್ಟದ್ದು ಅಲ್ಲೇ. ಮಲ್ಲಿಗೆ ಮೊಳದ ಬೆಲೆ ಹೇಳಿದಳು. ಅಂಕಿ ತಿರುವುಮುರುವಾಗಿತ್ತು. ನಾನು ಏಳರವರೆಗೆ ಎಣಿಸುವ ಮುಂಚೆಯೇ ಅವಳೇ ಸರಿಮಾಡಿಕೊಂಡಳು.