ಹುಣಸೆಬೀಜವನ್ನು ಹಿಡಿಯಲು ಹೋಗಬೇಡಿ

ಕಡಲೆಬೀಜ ಮಗುವಿನ ಶ್ವಾಸನಾಳಕ್ಕೆ ಹೋಗಿದೆ ಅಂದರೆ ನಾನು ಅಷ್ಟು ಹೆದರುವುದಿಲ್ಲ. ಫೋರ್ಸೆಪ್ಸ್‌ಗೆ (ಇಕ್ಕಳಕ್ಕೆ) ಸಿಗುತ್ತದೆ, ಪುಡಿಯಾದರೆ ಹೀರಿ ತೆಗೆಯುವ ಸಕ್ಷನ್ ಇದೆ. ಹುಣಸೆಬೀಜ ಅಂದಾಗ ಮಾತ್ರ ಕೈ ತಣ್ಣಗಾಗುತ್ತಿತ್ತು. ತುಮಕೂರು ಕಡೆಯ ನನ್ನಂಥ ಕಿವಿ-ಮೂಗು-ಗಂಟಲಿನ (ಇಎನ್‌ಟಿ) ವೈದ್ಯರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಫೆಬ್ರವರಿ, ಮಾರ್ಚ್ ಬಂತೆಂದರೆ ಜಗಲಿಯ ಮೇಲೆ ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿರುತ್ತಾರೆ, ಪಕ್ಕದಲ್ಲೇ ಎರಡು ವರ್ಷದ ಕೂಸು ಕೂತಿರುತ್ತದೆ.

ನನ್ನ ಮೊದಲ ಬೀಜ ನಾಲ್ಕು ಸಲ ಜಾರಿತು. ಐದನೇ ಸಲ ಮೇಲೆ ತಂದೆ, ಧ್ವನಿತಂತುಗಳ ಕೆಳಗಿನ ಇಕ್ಕಟ್ಟು ಜಾಗವಾದ ಸಬ್‌ಗ್ಲಾಟಿಸ್‌ನಲ್ಲಿ ಬಿಟ್ಟುಹೋಯಿತು. ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಶನ್) 60ಕ್ಕೆ ಇಳಿಯಿತು. ಬೀಜವನ್ನು ವಾಪಸ್ ಶ್ವಾಸನಾಳದ ಬಲ ಕವಲಿಗೆ, ಅಂದರೆ ಬಲ ಬ್ರಾಂಕಸ್‌ಗೆ ತಳ್ಳಿ, ಒಂದು ಶ್ವಾಸಕೋಶದಲ್ಲಿ ಉಸಿರಾಡಿಸಿ, ಟ್ಯೂಬ್ ಹಾಕಿ ಬೆಂಗಳೂರಿಗೆ ಕಳಿಸಿದೆ. ಮಗು ಉಳಿಯಿತು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಸಾಲ ಮಾಡಿ, ಒಳಗೆ ನೋಡುತ್ತಲೇ ಹಿಡಿಯುವ ಆಪ್ಟಿಕಲ್ ಫೋರ್ಸೆಪ್ಸ್ ತಂದೆ, ಸುಮಾರು ಒಂದೂವರೆ ಲಕ್ಷ. ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಜಾರುವುದು ಜಾರುತ್ತಲೇ ಇತ್ತು. ಈಗ ಏನು ಜಾರುತ್ತಿದೆ ಅನ್ನುವುದು ಸ್ಪಷ್ಟವಾಗಿ ಕಾಣುತ್ತಿತ್ತು, ಅಷ್ಟೇ. ಎರಡನೇ ವರ್ಷ ಆ ಫೋರ್ಸೆಪ್ಸಿನ ದವಡೆಯ ಕೀಲು ಸಡಿಲವಾಯಿತು, ರಿಪೇರಿಗೆ ಇಪ್ಪತ್ತು ಸಾವಿರದ ಮೇಲೆ ಹೋಯಿತು.

ಮುಂದಿನಿಂದ ಹಿಡಿಯುವ ಬದಲು ಹಿಂದಿನಿಂದ ಎಳೆದರೆ ಹೇಗೆ ಅಂತ ಹೊಳೆದದ್ದು ವ್ಯಾಸ್ಕ್ಯುಲರ್ (ರಕ್ತನಾಳಗಳ) ಸರ್ಜನ್ ಗೆಳೆಯನೊಬ್ಬನ ಥಿಯೇಟರಿನಲ್ಲಿ. ಕಾಲಿನ ರಕ್ತನಾಳದೊಳಗೆ ತುದಿಯಲ್ಲಿ ಬಲೂನ್ ಇರುವ ತೆಳು ಕೊಳವೆ, ಫೋಗಾರ್ಟಿ ಕ್ಯಾಥೆಟರ್, ತೂರಿಸಿ, ಹೆಪ್ಪು ದಾಟಿದ ಮೇಲೆ ಬಲೂನ್ ಊದಿ, ಹೆಪ್ಪುಗಟ್ಟಿದ ರಕ್ತವನ್ನು ಸಲೀಸಾಗಿ ಎಳೆದು ಹಾಕಿದ. ಅದನ್ನು ರೂಪಿಸಿದ ಥಾಮಸ್ ಫೋಗಾರ್ಟಿ ಮೊದಲ ಬಲೂನನ್ನು ಗ್ಲೌಸಿನ ಬೆರಳಿನ ತುದಿಯಿಂದ ಮಾಡಿ, ಮೀನು ಹಿಡಿಯುವವರ ಗಂಟು ಹಾಕಿ ಕಟ್ಟಿದ್ದನಂತೆ. ನನ್ನ ಒಂದೂವರೆ ಲಕ್ಷ ನೆನಪಾಯಿತು. ಇದಕ್ಕೆ ಆಗ ಎರಡು ಸಾವಿರ ಚಿಲ್ಲರೆ.

ಮಟನ್ ಅಂಗಡಿಯಿಂದ ಮೇಕೆಯ ಶ್ವಾಸನಾಳ, ಶ್ವಾಸಕೋಶ ಸಮೇತ ತಂದು ಹಿತ್ತಲಲ್ಲಿ ಅಭ್ಯಾಸ ಮಾಡಿದೆ. ಹೆಂಡತಿ ಎರಡು ವಾರ ಆ ಕಡೆ ಸುಳಿಯಲಿಲ್ಲ. ಬೀಜಗಳನ್ನು ಬೆಚ್ಚಗಿನ ಸಲೈನ್‌ನಲ್ಲಿ ನೆನೆಹಾಕಿಯೂ ನೋಡಿದೆ. ಮೂರನೇ ದಿನಕ್ಕೆ ಕಣ್ಣಿಗೇ ಕಾಣುವಷ್ಟು ಉಬ್ಬಿದ್ದವು. ಅಂದಿನಿಂದ ಬೀಜದ ಕೇಸನ್ನು ಮರುದಿನ ಬೆಳಿಗ್ಗೆಯ ಆಪರೇಶನ್ ಲಿಸ್ಟಿಗೆ ಅಂತ ತಳ್ಳುವುದಿಲ್ಲ. ಅದೇ ಜೋಶಿನಲ್ಲಿ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ನಾಣ್ಯಕ್ಕೆ ಟ್ಯೂಬಿನ ತುದಿಗೆ ಅಯಸ್ಕಾಂತ ಕಟ್ಟಿದೆ. ಮೇಜಿನ ಮೇಲೆ ಸ್ಟೀಲಿನ ಒಂದು ರೂಪಾಯಿ ಟಪ್ಪಂತ ಅಂಟಿತು, ಹಳದಿ ಐದು ರೂಪಾಯಿ ಜಪ್ಪಯ್ಯ ಅಂದರೂ ಇಲ್ಲ. ಮೇಕೆಯ ಗಂಟಲಲ್ಲಂತೂ ಒಂದು ರೂಪಾಯಿಯೂ ಅನ್ನನಾಳದ ಬಾಯಿಯ ಬಿಗಿ ಜಾಗ, ಕ್ರೈಕೋಫ್ಯಾರಿಂಕ್ಸ್ ಹತ್ತಿರ ಕಳಚಿಕೊಂಡಿತು. ಬಿಟ್ಟೆ.

ಬಲೂನಿನಿಂದ ಬೀಜ ತೆಗೆಯಲು ಹೊರಟ ಮೊದಲ ದಿನ ಅನಸ್ತೇಶಿಯಾದವರು (ಅರಿವಳಿಕೆ ವೈದ್ಯರು) ಒಪ್ಪಲೇ ಇಲ್ಲ. "ಸಾರ್, ಬಲೂನ್ ಒಡೆದರೆ? ಟ್ರಾಕಿಯಾಸ್ಟಮಿ ಮಾಡಿ ಅಲ್ಲಿಂದಲೇ ತೆಗೀರಿ" ಅಂದರು. ಕತ್ತಿನಿಂದ ಶ್ವಾಸನಾಳಕ್ಕೆ ರಂಧ್ರ ಮಾಡುವ ಆ ಸೆಟ್ ಬಿಚ್ಚಿಟ್ಟುಕೊಳ್ಳುತ್ತೇನೆ, ಹತ್ತು ನಿಮಿಷ ಕೊಡಿ ಅಂದೆ.

3.5 ನಂಬರಿನ ಸ್ಕೋಪಿನಲ್ಲಿ (ಶ್ವಾಸನಾಳಕ್ಕೆ ಇಳಿಸುವ ಬ್ರಾಂಕೋಸ್ಕೋಪ್ ಕೊಳವೆ) ತೆಳು ಟೆಲಿಸ್ಕೋಪ್ ಹಾಕಿಕೊಳ್ಳಿ, ಇಲ್ಲದಿದ್ದರೆ 3 ನಂಬರಿನ ಕ್ಯಾಥೆಟರ್‌ಗೂ ಜಾಗವಿರುವುದಿಲ್ಲ. ಬೀಜದ ಪಕ್ಕದಿಂದ ದಾಟಿಸಿ, ಬಲೂನಿಗೆ 0.2 ಎಂ.ಎಲ್. ಸಲೈನ್ ಬಿಟ್ಟು, ಬೀಜ ಸ್ಕೋಪಿನ ಬಾಯಿಗೆ ಒತ್ತಿಕೊಳ್ಳುವವರೆಗೆ ಎಳೆಯಿರಿ. ಆಮೇಲೆ ಸ್ಕೋಪ್, ಕ್ಯಾಥೆಟರ್, ಬೀಜ ಮೂರೂ ಒಟ್ಟಿಗೇ ಹೊರಗೆ. ಬೀಜವನ್ನು ಉದ್ದಕ್ಕೆ ತಿರುಗಿಸುವ ಒಂದು ಕೈಚಳಕವಿದೆ. ಅದು ಬರೆದರೆ ತಿಳಿಯುವುದಲ್ಲ. ಥಿಯೇಟರಿಗೆ ಬಂದರೆ ತೋರಿಸುತ್ತೇನೆ, ಕಾಫಿ ನಿಮ್ಮದು.

ಆ ದಿನ ಆರೋ ಏಳೋ ನಿಮಿಷಕ್ಕೆ ಬೀಜ ಟ್ರೇಯಲ್ಲಿತ್ತು. ಅನಸ್ತೇಶಿಯಾದವರು ಏನೂ ಮಾತಾಡದೆ ಟ್ರಾಕಿಯಾಸ್ಟಮಿ ಸೆಟ್ ಮುಚ್ಚಿಟ್ಟರು. ಇಲ್ಲಿಯವರೆಗೆ ಹದಿನೇಳೋ ಹದಿನೆಂಟೋ ಬೀಜಗಳಾಗಿವೆ. ಬಲೂನ್ ಎರಡು ಸಲ ಒಡೆದಿದೆ. ಐದು ದಿನ ಕೆಮ್ಮಿನ ಔಷಧಿ ಕುಡಿಸಿಕೊಂಡು ಬಂದಿದ್ದ ಒಂದು ಮಗುವಿನಲ್ಲಿ ಬೀಜ ಎಷ್ಟು ಉಬ್ಬಿತ್ತೆಂದರೆ ಸಬ್‌ಗ್ಲಾಟಿಸ್ ದಾಟಲೇ ಇಲ್ಲ. ಅವತ್ತು ಆ ಸೆಟ್ ಬೇಕಾಯಿತು.